ಹಾಯಿ ಜೀವರಕ್ಷಕ ದೋಣಿಯ ಮರದ ಮಾದರಿ: ಮುಂಬೈ ಮನೆಯಲ್ಲಿ ಕಟ್ಟುವ ಕ್ರಮ

ಇಂಗ್ಲೆಂಡಿನ ಸೌತ್‌ವೋಲ್ಡ್‌ನಲ್ಲಿ 1893ರಲ್ಲಿ ಸೇವೆಗೆ ಬಂದ ‘ಆಲ್ಫ್ರೆಡ್ ಕೋರಿ’ ಎಂಬ ಜೀವರಕ್ಷಕ ದೋಣಿ 44 ಅಡಿ ಉದ್ದವಿದ್ದು, ಹಾಯಿ ಮತ್ತು ಹುಟ್ಟುಗಳ ಬಲದಿಂದಲೇ ಸಾಗುತ್ತಿತ್ತು. 1:32ರ ಅಳತೆಯಲ್ಲಿ ಅದರ ಮಾದರಿ ಸುಮಾರು 42 ಸೆಂಟಿಮೀಟರ್ ಆಗುವುದರಿಂದ ಡೊಂಬಿವಲಿಯ ಚಿಕ್ಕ ಫ್ಲ್ಯಾಟಿನ ಶೋಕೇಸಿನಲ್ಲೂ ಹಿಡಿಸುತ್ತದೆ.

ರೇ ರೋಡಿನ ಮರದ ಅಂಗಡಿಗಳಲ್ಲಿ ತೇಗದ ತುಂಡುಗಳು ಸಿಗುತ್ತವೆ. ಆದರೆ ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಎಳೆಯೂ ಈ ಅಳತೆಗೆ ಒರಟು. ಊರಿಗೆ ಹೋದಾಗ ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರವನ್ನು ತರುವುದೇ ಲೇಸು. ಅದು ನಯವಾಗಿ ಕೆತ್ತನೆಗೆ ಒಗ್ಗುತ್ತದೆ.

ಮೊದಲು ನಕ್ಷೆಯ ಪ್ರಕಾರ ತಳತೊಲೆಯನ್ನೂ ಅಡ್ಡಚೌಕಟ್ಟುಗಳನ್ನೂ 4 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಕತ್ತರಿಸಿ, ನೆಟ್ಟಗಿರುವ ಹಲಗೆಯ ಮೇಲೆ ಲಂಬವಾಗಿ ನಿಲ್ಲಿಸಿ ಅಂಟಿಸಬೇಕು. ಕೆಲಸದ ನಿಜವಾದ ಕಷ್ಟ ಹಲಗೆ ಹೊದಿಸುವಲ್ಲಿದೆ. ಈ ದೋಣಿಯ ಎರಡೂ ತುದಿಗಳು ಚೂಪಾಗಿರುವುದರಿಂದ, ಒಂದೂವರೆ ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ನಡುವೆ ಅಗಲವಾಗಿಯೂ ಎರಡೂ ಕೊನೆಗಳಲ್ಲಿ ಕಿರಿದಾಗಿಯೂ ಹೆರೆಯಬೇಕು. ಪ್ರತಿ ಚೌಕಟ್ಟಿನ ಅಂಚಿನ ಉದ್ದವನ್ನು ಕಾಗದದ ಪಟ್ಟಿಯಿಂದ ಅಳೆದು, ಪಟ್ಟಿಗಳ ಸಂಖ್ಯೆಯಿಂದ ಭಾಗಿಸಿದರೆ ಆ ಜಾಗದಲ್ಲಿ ಪಟ್ಟಿಯ ಅಗಲ ಎಷ್ಟಿರಬೇಕೆಂದು ತಿಳಿಯುತ್ತದೆ. ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಬಾಗಿಸಿ, ಬಟ್ಟೆಯ ಕ್ಲಿಪ್ಪಿನಿಂದ ಚೌಕಟ್ಟಿಗೆ ಕಚ್ಚಿಸಿಟ್ಟು, ಪೂರ್ತಿ ಒಣಗಿದ ಮೇಲೆಯೇ ಅಂಟಿಸಬೇಕು. ಜುಲೈನ ಮಳೆಯಲ್ಲಿ ಇದಕ್ಕೆ ಎರಡು ದಿನ ಹಿಡಿದರೂ ಅವಸರ ಬೇಡ, ಹಸಿ ಪಟ್ಟಿ ಆಮೇಲೆ ಕುಗ್ಗಿ ಸಂದು ಬಿಡುತ್ತದೆ. ಎಡಕ್ಕೊಂದು ಬಲಕ್ಕೊಂದರಂತೆ ಹೊದಿಸುತ್ತಾ ಹೋಗದಿದ್ದರೆ ತಳತೊಲೆ ಸೊಟ್ಟಗಾಗುತ್ತದೆ.

ದೋಣಿಯ ಸುತ್ತ ಮೇಲಂಚಿನ ಕೆಳಗಿದ್ದ ದಪ್ಪ ಬೆಂಡಿನ ಪಟ್ಟಿಗೆ ಬಾಟಲಿಯ ಬಿರಡೆಯನ್ನು ಬ್ಲೇಡಿನಿಂದ ಕೊಯ್ದು ಬಳಸಬಹುದು. ಬಣ್ಣ ಆ ಕಾಲದ ಜೀವರಕ್ಷಕ ದೋಣಿಗಳಲ್ಲಿ ರೂಢಿಯಲ್ಲಿದ್ದ ನೀಲಿ, ಬಿಳಿ, ಕೆಂಪು. ಮಿರುಗುವ ಬಣ್ಣ ನನಗೆ ಒಪ್ಪಿಗೆಯಿಲ್ಲ. ಅಲೆಗಳಲ್ಲಿ ದುಡಿದ ದೋಣಿಗೆ ಮಂದ ಬಣ್ಣವೇ ಚೆಂದ.

ಹಾಯಿಗೆ ಒಗೆದು ಮೆತ್ತಗಾದ ಹಳೆಯ ಪಂಚೆಯ ಬಟ್ಟೆ ಸಾಕು. ಹೊಲಿಗೆ ಯಂತ್ರದ ಟಾಕು ಈ ಅಳತೆಗೆ ಹಗ್ಗದಷ್ಟು ದಪ್ಪ ಕಾಣುವುದರಿಂದ ಜೋಡಣೆಯ ಗೆರೆಗಳನ್ನು ಪೆನ್ಸಿಲ್‌ನಿಂದಲೇ ಎಳೆಯುವುದು ಒಳ್ಳೆಯದು. ದೋಣಿಯ ಮುಂಭಾಗದ ಹಾಯಿಯನ್ನು, ಅದರ ಮೇಲಿನ ಅಡ್ಡಕೋಲಿನ ಸಮೇತ, ಹಾಯಿಕಂಬದ ಒಂದೇ ಬದಿಗೆ ಕಟ್ಟಬೇಕು. ದಿಕ್ಕು ಬದಲಿಸುವಾಗ ನಾವಿಕರು ಆ ಕೋಲನ್ನು ಕೆಳಗಿಳಿಸಿ, ಕಂಬದ ಇನ್ನೊಂದು ಬದಿಗೆ ದಾಟಿಸಿ, ಮತ್ತೆ ಏರಿಸುತ್ತಿದ್ದರು. ಹಾಗಾಗಿ ಅದನ್ನು ಕಂಬದ ಎರಡೂ ಬದಿಗೆ ಹರಡುವಂತೆ ಬಿಗಿದರೆ ಆ ಮಾದರಿ ಸುಳ್ಳಾಗುತ್ತದೆ.