ತೋಟಕ್ಕೆ ನೆಂಟರು ಬರಲಿ: ಮೊದಲು ಕಾಗದ, ಆಮೇಲೆ ಕಾಟೇಜು

ನಮ್ಮ ಕೇರಳದ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆ ನೋಡಲು ಬಂದವರು ಸಂಜೆಗೆ ಮಂಗಳೂರಿಗೋ ಕಣ್ಣೂರಿಗೋ ಹೊರಟುಬಿಡುತ್ತಾರೆ. ಬದಿಯಡ್ಕ, ಪೈವಳಿಕೆ, ಎಣ್ಮಕಜೆ ಕಡೆಯ ಅಡಿಕೆ ತೋಟಗಳತ್ತ ಗಾಡಿ ತಿರುಗಿಸುವವರು ಕಡಿಮೆ. ಅವರಲ್ಲಿ ನಾಲ್ಕು ಜನ ಒಂದು ರಾತ್ರಿ ನಮ್ಮಲ್ಲಿ ಉಳಿದರೂ ಅಡಿಕೆಗೆ ರೇಟು ಬಿದ್ದ ವರ್ಷ ಕೈಖರ್ಚಿಗಾದೀತು, ಅಲ್ವಾ? ತೋಟದ ಮನೆಯಲ್ಲೇ ಹೀಗೆ ಹೋಮ್‌ಸ್ಟೇ ನಡೆಸಲು ಸರ್ಕಾರದ ಸಹಾಯವೂ ಇದೆ. ಆದರೆ ನಮ್ಮವರು ಮಾಡುವುದು ಉಲ್ಟಾ. ಮೊದಲು ಸಾಲ ಮಾಡಿ ಕಾಟೇಜು ಕಟ್ಟುತ್ತಾರೆ, ಆಮೇಲೆ ಸಬ್ಸಿಡಿ ಕೇಳಿಕೊಂಡು ಕಚೇರಿ ಸುತ್ತುತ್ತಾರೆ.

ಮೊದಲು ತೋಟವನ್ನೊಮ್ಮೆ ಸುತ್ತಿ, ತೋರಿಸಲು ಏನಿದೆ ಎಂದು ಬರೆದಿಡಿ. ಸ್ವಿಮ್ಮಿಂಗ್ ಪೂಲ್ ಬೇಡ, ಅದು ಬೇಕಾದವರು ರೆಸಾರ್ಟಿಗೆ ಹೋಗುತ್ತಾರೆ. ನಿಮ್ಮಲ್ಲಿ ಸುರಂಗ ಇದೆಯೇ? ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿ ಅದು. ಬಗ್ಗಿ ಒಳಗೆ ಹೋದರೆ ಕಾಲ ಕೆಳಗೆ ತಣ್ಣನೆಯ ನೀರು, ಪಂಪು ಕರೆಂಟು ಯಾವುದೂ ಇಲ್ಲದೆ ತನ್ನಷ್ಟಕ್ಕೆ ಅಂಗಳದ ಟ್ಯಾಂಕಿಗೆ ಹರಿಯುತ್ತಿರುತ್ತದೆ. ನಮಗೆ ಇದು ದಿನಾ ನೋಡುವ ನೀರು, ಪೇಟೆಯವರಿಗೆ ಇದೇ ದೊಡ್ಡ ಸೋಜಿಗ. ಬಾಯಲ್ಲೇ ನಿಲ್ಲಿಸಿ ತೋರಿಸಿ, ಆಳಕ್ಕೆ ಬಿಡಬೇಡಿ. ಒಳಗೆ ಗಾಳಿ ಸಾಲದು. ಹಟ್ಟಿಯಲ್ಲಿ ನಮ್ಮೂರಿನ ಕುಳ್ಳ ತಳಿಯ ದನ ಕಾಸರಗೋಡು ಗಿಡ್ಡ ಇದ್ದರೆ ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ.

ಎರಡನೆಯದು ಮನೆ. ಕೇರಳ ಪ್ರವಾಸೋದ್ಯಮ ಇಲಾಖೆ ಹೋಮ್‌ಸ್ಟೇಗಳಿಗೆ ಡೈಮಂಡ್, ಗೋಲ್ಡ್, ಸಿಲ್ವರ್ ಎಂದು ದರ್ಜೆ ಕೊಡುತ್ತದೆ. ಒಂದರಿಂದ ಆರು ಕೋಣೆಯವರೆಗೆ ಅವಕಾಶ, ಮನೆಯವರು ಅಲ್ಲೇ ವಾಸ ಇರಬೇಕು. ಜಾಗದ ದಾಖಲೆ, ಮನೆಯ ಪ್ಲಾನು, ಪೊಲೀಸ್ ಕ್ಲಿಯರೆನ್ಸ್ ಜೋಡಿಸಿಕೊಂಡು ಅರ್ಜಿ ಹಾಕಿ. ಆನ್‌ಲೈನ್ ತಲೆನೋವಾದರೆ ಸರ್ಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ. ನನ್ನ ಅನುಭವದಲ್ಲಿ ಹಳೆಯ ಮನೆಯ ಎರಡು ಕೋಣೆ, ಒಂದು ಒಳ್ಳೆಯ ಬಚ್ಚಲು ಇದ್ದರೆ ಶುರು ಮಾಡಲು ಸಾಕು.

ಇನ್ನು ಕನ್ನಡದ ವಿಷಯ. ಒಂದು ಕಚೇರಿಯಲ್ಲಿ ನನ್ನ ಕನ್ನಡ ಅರ್ಜಿ ನೋಡಿ ‘ಮಲಯಾಳದಲ್ಲಿ ಬರೆದು ತನ್ನಿ’ ಎಂದರು. ಸುಮ್ನೆ ವಾಪಸ್ ಬಂದೆ. ಬರಬಾರದಿತ್ತು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿಯ ಕನ್ನಡಿಗರಿಗೆ ಸರ್ಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ.

ಆಮೇಲೆ ಜವಾಬ್ದಾರಿಯುತ ಪ್ರವಾಸೋದ್ಯಮ ಮಿಷನ್‌ನಲ್ಲಿ ಹೆಸರು ನೋಂದಾಯಿಸಿ. ಊರಿನವರಿಗೂ ಪಾಲು ಸಿಗಲಿ ಎಂದು ರಾಜ್ಯ ಸರ್ಕಾರ 2017ರಲ್ಲಿ ಶುರು ಮಾಡಿದ್ದು ಇದು. ಬುಟ್ಟಿ ಹೆಣೆಯುವವರು, ಹಪ್ಪಳ ಮಾಡುವವರು ಕೂಡ ಸೇರಬಹುದು. ಪಕ್ಕದ ಮನೆಯ ಅಕ್ಕಂದಿರು ಕುಟುಂಬಶ್ರೀ ಮಹಿಳಾ ಸಂಘದಲ್ಲಿದ್ದರೆ ಅಡುಗೆಯನ್ನು ಅವರಿಗೇ ಬಿಡಿ. ಪತ್ರೊಡೆ ಅವರ ಕೈಯಲ್ಲಿ ಆದ ಹಾಗೆ ನಿಮ್ಮ ಕೈಯಲ್ಲಿ ಆಗುವುದಿಲ್ಲ.

ದುಡ್ಡಿಗೆ ಎರಡು ದಾರಿ ಹೇಳುತ್ತೇನೆ. ಹೋಮ್‌ಸ್ಟೇಗೂ ಸಣ್ಣ ಉದ್ದಿಮೆಗಳಿಗೆ ಕೊಡುವ ಮುದ್ರಾ ಸಾಲ ಸಿಗುತ್ತದೆ ಎಂದು 2025ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ್ದಾರೆ. ಮುದ್ರಾದಲ್ಲಿ ಅಡಮಾನ ಕೇಳುವುದಿಲ್ಲ. ಇನ್ನೊಂದು ಪಿಎಂಇಜಿಪಿ, ಉದ್ದಿಮೆ ಶುರು ಮಾಡಲು ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರಿಗೆ ಶೇ 35 ಸಬ್ಸಿಡಿ. ಆದರೆ ಇದು ಹೊಸ ಘಟಕಕ್ಕೆ ಮಾತ್ರ. ಕಟ್ಟಿ, ಶುರು ಮಾಡಿ, ಆಮೇಲೆ ಹೋದರೆ ಕೈ ಖಾಲಿ. ಸಬ್ಸಿಡಿ ಹಣ ಕೂಡ ನಿಮ್ಮ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಆಮೇಲೆ ಸಾಲಕ್ಕೆ ಜಮೆ ಆಗುತ್ತದೆ. ನಿಮ್ಮ ಯೋಜನೆ ಇದರಡಿ ಬರುತ್ತದೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಂಡೇ ಗಾರೆಯವರನ್ನು ಕರೆಯಿರಿ.

ಊಟ ಕೊಡುವುದಿದ್ದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಹಾಕಲೇಬೇಕು.

ಮಳೆಗಾಲದಲ್ಲಿ ಅಡಿಕೆಗೆ ಮೈಲುತುತ್ತಿನ ಮದ್ದು ಬಿಡುವ ದಿನ ಮಾತ್ರ ಬುಕಿಂಗ್ ತೆಗೆದುಕೊಳ್ಳಬೇಡಿ. ಮೈಲುತುತ್ತಿನ ಕಲೆ ಬಿಳಿ ಪ್ಯಾಂಟಿನಿಂದ ಸುಲಭಕ್ಕೆ ಹೋಗುವುದಿಲ್ಲ.