ಮುನ್ನೂರು ಜನರ ಊಟಕ್ಕೆ ಲೋಟದ ಲೆಕ್ಕ

ಪ್ಲಾಸ್ಟಿಕ್ ಇಲ್ಲದೆ ಊಟ ಹಾಕುತ್ತೇವೆ ಎಂದಾಗ ಎಲ್ಲರೂ ಎಲೆಯ ಬಗ್ಗೆಯೇ ಕೇಳುತ್ತಾರೆ. ಎಲೆ ಸುಲಭ. ಕಷ್ಟವಿರುವುದು ನೀರಿನಲ್ಲಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಮೇಲೆ ದೇಶದಲ್ಲಿ 2022ರ ಜುಲೈ 1ರಿಂದ ಜಾರಿಗೆ ಬಂದ ನಿಷೇಧದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಇವೆ. ನೀರಿನ ಬಾಟಲಿ ಇಲ್ಲ. ಹಾಗಾಗಿ ಬಾಳೆಎಲೆಯ ಪಕ್ಕದಲ್ಲೇ ಪುಟ್ಟ ಬಾಟಲಿ ಬಂದು ಕೂರುತ್ತದೆ. ಪೇಪರ್ ಕಪ್ಪನ್ನೂ ನಾನು ತರಿಸುವುದಿಲ್ಲ, ಹೆಚ್ಚಿನವುಗಳ ಒಳಮೈಗೆ ಪ್ಲಾಸ್ಟಿಕ್ ಪದರವೇ ಇರುತ್ತದೆ.

300 ಜನ, ನೂರರಂತೆ ಮೂರು ಪಂಕ್ತಿ. ಇದಕ್ಕೆ 250 ಸ್ಟೀಲ್ ಲೋಟ ಸಾಕು: ನೂರು ಎಲೆಯ ಮುಂದೆ, ನೂರು ತೊಳೆಯುವಲ್ಲಿ, ಐವತ್ತು ಬಾಗಿಲ ಬಳಿ ಪಾನಕಕ್ಕೆ. ಪಾತ್ರೆ ಬಾಡಿಗೆಯವರಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಎರವಲು ಕೊಡುವ ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕ್ ಕೂಡ ಇದೆ. ನೀರು ತಲೆಗೆ ಮುಕ್ಕಾಲು ಲೀಟರ್, ಅಂದರೆ 225 ಲೀಟರ್. 20 ಲೀಟರಿನ 12 ಕ್ಯಾನ್ ತರಿಸಿ, ಬೇಸಿಗೆಯಾದರೆ ಇನ್ನೆರಡು. ಬಡಿಸಲು ಆರು ಜಗ್. ಲೋಟಕ್ಕೆ ಅರ್ಧ ಮಾತ್ರ ಹಾಕಿ, ಕೇಳಿದವರಿಗೆ ಮತ್ತೆ ಹಾಕಿ. ತುಂಬ ಹಾಕಿದ್ದು ಎಲೆಗೇ ಚೆಲ್ಲುತ್ತದೆ.

ತೊಳೆಯಲು ಇಬ್ಬರು, ಮೂರು ಟಬ್: ಒಂದರಲ್ಲಿ ಜಾಲಾಡುವುದು, ಒಂದರಲ್ಲಿ ಸೋಪು, ಕೊನೆಯದರಲ್ಲಿ ಬಿಸಿನೀರು. ಬಿಸಿನೀರನ್ನು ಪಂಕ್ತಿಗೊಮ್ಮೆ ಬದಲಿಸದಿದ್ದರೆ ಲೋಟಕ್ಕೆ ಸೋಪಿನ ವಾಸನೆ ಅಂಟುತ್ತದೆ. ಆಮೇಲೆ ಜನ ಬಾಟಲಿಯನ್ನೇ ಕೇಳುತ್ತಾರೆ. ತೊಳೆದದ್ದನ್ನು ಬಿದಿರು ಬುಟ್ಟಿಯಲ್ಲಿ ಬೋರಲು ಹಾಕಿ. ಬಿಸಿಬಿಸಿ ಒದ್ದೆ ಲೋಟಗಳನ್ನು ಒಂದರೊಳಗೊಂದು ಸೇರಿಸಿದರೆ ಆರಿದ ಮೇಲೆ ಕಚ್ಚಿಕೊಂಡು ಬಿಡುತ್ತವೆ, ಅದೂ ಸರಿಯಾಗಿ ಎರಡನೇ ಪಂಕ್ತಿ ಕೂರುವ ಹೊತ್ತಿಗೆ. ಬಡಿಯಬೇಡಿ, ಸೊಟ್ಟಾಗುತ್ತದೆ. ಒಳಗಿನದಕ್ಕೆ ತಣ್ಣೀರು ತುಂಬಿ, ಹೊರಗಿನದನ್ನು ಬಿಸಿನೀರಲ್ಲಿ ಅರ್ಧ ನಿಮಿಷ ಹಿಡಿದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ.

ಲೋಟ ಕಳೆಯುವುದು ಕಳ್ಳತನದಿಂದಲ್ಲ. ಎಲೆ ಎತ್ತುವವರು ಅವಸರದಲ್ಲಿ ಲೋಟವನ್ನು ಎಲೆಯೊಳಗೇ ಮಡಚಿ ಕಸದ ಬುಟ್ಟಿಗೆ ಹಾಕುತ್ತಾರೆ. ಮೊದಲು ಒಬ್ಬರು ಬಕೆಟ್ ಹಿಡಿದು ಲೋಟ ಮಾತ್ರ ಆರಿಸಿಕೊಂಡು ಹೋಗಲಿ, ಎಲೆ ಆಮೇಲೆ.

ಎಲೆಯ ಬಗ್ಗೆ ಎರಡೇ ಮಾತು. ಮುತ್ತುಗದ ಎಲೆ ಕೊಳ್ಳುವಾಗ ತಿರುಗಿಸಿ ನೋಡಿ: ಮಷಿನ್ನಿನಲ್ಲಿ ಒತ್ತಿದ್ದರಲ್ಲಿ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಇರುವುದುಂಟು; ಕಡ್ಡಿ ಚುಚ್ಚಿ ಹಚ್ಚಿದ್ದೇ ಬೇಕು. ಅಡಿಕೆ ಹಾಳೆಯ ತಟ್ಟೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಕಟ್ಟಿನ ನಡುವಿನದನ್ನು ಎಳೆದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಇಡೀ ಕಟ್ಟು ವಾಪಸ್ ಕೊಡಿ.