ಕುರಿ ಮೇಯಿಸಿ ಕಾಡಿನ ಬೆಂಕಿ ತಡೆದಿದ್ದು: ನನ್ನ ಅನುಭವ

ಈ ಸಲ ಮಾರ್ಚ್‌ನಲ್ಲಿ ಕಾಡಿನ ಬೆಂಕಿ ನಮ್ಮ ಬೇಲಿವರೆಗೂ ಬಂದು ಅಲ್ಲೇ ನಿಂತಿತು. "ಕುರಿ ಮೇಯಿಸಿ ಬೆಂಕಿ ತಡೀತೀಯಾ?" ಅಂದವರೇ ಈಗ ಬಂದು, ಬೆಂಕಿ ತಡೆಯೋಕೆ ಬೇಲಿ ಪಕ್ಕ ನಾನು ಬಿಟ್ಟಿರುವ ಪಟ್ಟಿಯ ಅಗಲ ಅಳೆದುಕೊಂಡು ಹೋಗುತ್ತಿದ್ದಾರೆ.

ನಮ್ಮದು ಎಚ್.ಡಿ. ಕೋಟೆ ಕಡೆ, ನಾಗರಹೊಳೆ ಕಾಡಂಚಿನ ಮಾವಿನ ತೋಟ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರ್‌ಗೂ ಜಾಸ್ತಿ ಕಾಡು ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತಲ್ಲ, ಆಗಿನಿಂದಲೇ ನನಗೆ ಭಯ. ಕೆಲವು ವರ್ಷ ಬಿಟ್ಟು ನಮ್ಮ ತೋಟಕ್ಕೂ ನುಗ್ಗಿತು. ಮರಕ್ಕಿಂತ ಡ್ರಿಪ್ಪಿನದೇ (ಹನಿ ನೀರಾವರಿ) ನಷ್ಟ ಜಾಸ್ತಿ. ಗಿಡಕ್ಕೆ ನೀರು ಹನಿಸುವ ಲ್ಯಾಟರಲ್ ಪೈಪು, ವಾಲ್ವ್, ಫಿಲ್ಟರ್, ಕೇಬಲ್ ಎಲ್ಲ ಸೇರಿ ಒಂದೂಕಾಲು ಲಕ್ಷದ ಹತ್ತಿರ. ಪರಿಹಾರಕ್ಕೆ ಅಲೆದು ಸಿಕ್ಕಿದ್ದು ಬಸ್ ಚಾರ್ಜಿಗೂ ಸಾಲಲಿಲ್ಲ.

ಮೊದಲು ಜೆಸಿಬಿ ಕರೆಸಿ ಟ್ರೆಂಚ್ ಹೊಡೆಸಿದೆ. ಇಪ್ಪತ್ತು ಸಾವಿರ ಹೋಯಿತು. ಬೇಸಿಗೆಗೆ ತೇಗದ ತರಗು ತುಂಬಿಕೊಂಡು ಆ ಟ್ರೆಂಚೇ ಒಲೆಯಾಯಿತು. ಕತ್ತಾಳೆ ನೆಟ್ಟೆ. ಕತ್ತಾಳೆ ಸುಡಲಿಲ್ಲ, ಬುಡದ ಒಣಹುಲ್ಲಿನಲ್ಲಿ ಬೆಂಕಿ ಹರಿದು ಬಂತು. ಬೇಲಿ ಪಕ್ಕದ ಹುಲ್ಲನ್ನೇ ನೀವೇ ಮೊದಲು ಸುಟ್ಟುಬಿಡಿ ಅಂದರು ಕೆಲವರು. ಗಾಳಿ ತಿರುಗಿದರೆ ಕಾಡು ಹೋಗುತ್ತೆ, ಕೇಸೂ ಬೀಳುತ್ತೆ. ಅದಕ್ಕೆ ನಾನು ಕೈ ಹಾಕಲಿಲ್ಲ.

ಈಗ ಬೇಲಿಯ ಒಳಗೆ, ನಮ್ಮ ಜಮೀನಿನಲ್ಲೇ, ಮೂವತ್ತಡಿ ಅಗಲದ ಪಟ್ಟಿ ಬಿಟ್ಟಿದ್ದೇನೆ. ಮಳೆ ನಿಂತು ಮಣ್ಣು ಇನ್ನೂ ಮೆತ್ತಗಿರುವಾಗ ಲಂಟಾನ ಅನ್ನೋ ಕಳೆ ಪೊದೆ ಕೀಳಿಸುತ್ತೇನೆ. ಸುಮ್ನೆ ಸವರಿದರೆ ಇನ್ನೂ ದಟ್ಟವಾಗಿ ಚಿಗುರುತ್ತೆ. ಗುದ್ದಲಿಯಲ್ಲಿ ಬುಡದ ಕೆಳಗೆ ಹೊಡೆದು ಎತ್ತಿ, ಬೇರು ಮೇಲೆ ಮಾಡಿ ಒಣಗಿಸಿ, ಸೌದೆಗೆ ಸಾಗಿಸಬೇಕು. ಅದಾದ ಮೇಲೇ ಕುರಿಯವರನ್ನು ಕರೆಸಿ ಕುರಿ ಬಿಡೋದು, ಯಾಕಂದರೆ ಲಂಟಾನ ಸೊಪ್ಪು ಕುರಿಗೆ ವಿಷ. ಹಗಲೆಲ್ಲ ಪಟ್ಟಿಯಲ್ಲಿ ಮೇಯುತ್ತವೆ. ರಾತ್ರಿ ಚಿರತೆ ಕಾಟ, ಹಾಗಾಗಿ ಮನೆ ಪಕ್ಕದ ಮಾವಿನ ಸಾಲಿನಲ್ಲಿ ಮಂದೆ ಕಟ್ಟಿಸುತ್ತೇನೆ. ಗೊಬ್ಬರವೂ ಬಂತು. ಕೊನೆಗೆ ಬೇಲಿ ಪಕ್ಕದ ಹತ್ತಡಿಯನ್ನು ಟ್ರಾಕ್ಟರ್ ಬ್ಲೇಡಿನಲ್ಲಿ ಬರೀ ಮಣ್ಣು ಕಾಣುವ ಹಾಗೆ ಕೆರೆಸುತ್ತೇನೆ. ಲಂಟಾನ ಕೂಲಿ, ಬ್ಲೇಡ್ ಬಾಡಿಗೆ, ಕುರಿಯವರಿಗೆ ಕೊಡುವ ರಾಗಿ ಎಲ್ಲ ಸೇರಿ ವರ್ಷಕ್ಕೆ ಹದಿನೆಂಟು ಸಾವಿರದ ಆಸುಪಾಸು.

ನಡುವೆ ಪಟ್ಟಿಯಲ್ಲಿ ಹುರುಳಿ ಚೆಲ್ಲಿ ನೋಡಿದೆ, ಹಸಿರು ಇರಲಿ ಅಂತ. ಜಿಂಕೆಗಳು ಬುಡಕ್ಕೆ ತಿಂದುಹೋದವು. ಪಟ್ಟಿ ಬೋಳಾಯಿತು, ಅದೂ ಒಳ್ಳೆಯದೇ. ಆದರೆ ಅವು ಅಲ್ಲಿಗೇ ನಿಲ್ಲದೆ ತೋಟದೊಳಗೂ ಬಂದವು. ಹುರುಳಿ ಬಿಟ್ಟೆ.

ಬೆಂಕಿ ಬಂದ ಮಧ್ಯಾಹ್ನ ಬೇಲಿಯಾಚೆ ಲಂಟಾನದಲ್ಲಿ ಆಳೆತ್ತರ ಉರಿ. ಕೆರೆದ ಮಣ್ಣಿಗೆ ಬಂದು ಕುಸಿಯಿತು. ಕಿಡಿ ಹಾರಿ ಒಳಗೂ ಬಿದ್ದವು. ಕುರಿ ಮೇದ ಮೋಟು ಹುಲ್ಲಿನಲ್ಲಿ ಉರಿ ಮೊಣಕಾಲೆತ್ತರಕ್ಕೂ ಏರಲಿಲ್ಲ, ಹಸಿ ಸೊಪ್ಪಿನಲ್ಲಿ ಬಡಿದು ಆರಿಸಿದೆವು. ಒಂದು ಪೈಪೂ ಸುಡಲಿಲ್ಲ.

ಆರಿತು ಅಂತ ಮನೆಗೆ ಹೋಗಬೇಡಿ. ಒಣಗಿದ ಆನೆ ಲದ್ದಿ ಮೇಲೆ ಬೂದಿಯಾಗಿ ತಣ್ಣಗೆ ಕಾಣುತ್ತೆ, ಕೆದಕಿದರೆ ಒಳಗೆ ಕೆಂಡ. ಮಾರನೇ ದಿನದ ಗಾಳಿಗೆ ಅದೇ ಮತ್ತೆ ಹೊತ್ತಿಕೊಳ್ಳುತ್ತೆ. ಕೆದಕಿ, ಸ್ಪ್ರೇಯರಿನಲ್ಲಿ ನೀರು ಹೊಡೆದು, ಮತ್ತೆ ಕೆದಕಬೇಕು.

ಈ ವರ್ಷ ಅಕ್ಕಪಕ್ಕದವರೂ ಸೇರುತ್ತಿದ್ದಾರೆ. ಪಟ್ಟಿ ಒಂದು ಕಿಲೋಮೀಟರ್ ಹತ್ತಿರ ಆಗುತ್ತೆ. ಇನ್ನೊಂದು ಕುರಿ ಮಂದೆ ಹುಡುಕುತ್ತಿದ್ದೇವೆ.